ಜಿಡ್ಡಣ್ಣನ ರಕ್ತ ತಿಳಿಯಾದದ್ದು

ಹಾಲಿನ ಕಾರ್ಖಾನೆಯ ಹಿಂದಿನ ಗೇಟಿನಿಂದ ಒಳಗೆ ಬಂದರೆ ಎಡಗಡೆಗೆ ಬಿಳಿ ಹೆಂಚು ಹೊದಿಸಿದ ಉದ್ದನೆಯ ಕೋಣೆಯೊಂದಿದೆ. ಬಾಗಿಲ ಮೇಲೆ ‘ಪ್ರಯೋಗಾಲಯ’ ಎಂಬ ಫಲಕವಿದ್ದರೂ ಹಾಲು ತರುವವರೆಲ್ಲ ಅದನ್ನು ಕರೆಯುವುದು ‘ಕೋರ್ಟು’ ಎಂದೇ. ಇಪ್ಪತ್ತಾರು ವರ್ಷಗಳಿಂದ ಆ ಕೋರ್ಟಿನ ಏಕಮಾತ್ರ ನ್ಯಾಯಾಧೀಶ ನಮ್ಮ ಜಿಡ್ಡಣ್ಣ. ಹಾಲಿನಲ್ಲಿ ಜಿಡ್ಡು ಎಷ್ಟಿದೆ ಎಂದು ಅಳೆದು ತೀರ್ಪು ಕೊಡುವುದು ಅವನ ಕೆಲಸ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿದೆ. ಹೆಂಡತಿಯೂ ಸಿಟ್ಟು ಬಂದಾಗ ಜಿಡ್ಡಣ್ಣ ಎಂದೇ ಕೂಗುತ್ತಾಳೆ.

ಅವನು ತೀರ್ಪು ಕೊಡುವುದನ್ನು ನೋಡಲು ಪುಣ್ಯ ಮಾಡಿರಬೇಕು. ಗಾಜಿನ ಕೊಳವೆಗೆ ಮೊದಲು ಆಸಿಡ್. ಅದರ ಮೇಲೆ, ಮಲಗಿದ ಮಗುವಿನ ಪಕ್ಕ ಕೂರುವವನ ಎಚ್ಚರದಲ್ಲಿ, ಕೊಳವೆಯ ಒಳಗೋಡೆ ಸವರಿಕೊಂಡು ಜಾರಿಸಿದ ಹಾಲು. ಬಿರಡೆ ಒತ್ತಿ, ಬಟ್ಟೆ ಸುತ್ತಿ ಕುಲುಕಿದರೆ ಕೊಳವೆ ಕೈ ಸುಡುವಷ್ಟು ಕಾಯುತ್ತದೆ. ಆಮೇಲೆ ಗಿರಗಿರನೆ ಸುತ್ತುವ ಯಂತ್ರದಲ್ಲಿ ಐದು ನಿಮಿಷ, ಬಿಸಿನೀರಿನ ತೊಟ್ಟಿಯಲ್ಲಿ ಐದು ನಿಮಿಷ. ಕೊನೆಗೆ ಕೊಳವೆಯ ಸಣ್ಣ ಕತ್ತಿನಲ್ಲಿ ಹೊಂಬಣ್ಣದ ಜಿಡ್ಡು ಗೆರೆಗಳ ನಡುವೆ ಬಂದು ನಿಲ್ಲುತ್ತದೆ. ಜಿಡ್ಡಣ್ಣ ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, “ಮೂರು ಪಾಯಿಂಟ್ ನಾಲ್ಕು” ಎನ್ನುತ್ತಾನೆ. ಅದರ ಮೇಲೆ ಅಪೀಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಆಸಿಡ್ಡೂ ಬೇಕಿಲ್ಲ. ಹಾಲನ್ನು ಗಾಜಿನಲ್ಲಿ ಬೆಳಕಿಗೆ ಹಿಡಿದು, ಒಮ್ಮೆ ಅಲ್ಲಾಡಿಸಿ, ಪೊರೆ ಇಳಿಯುವ ಗತಿ ನೋಡಿಯೇ ಅಂಕಿ ಹೇಳಬಲ್ಲ. ಯಂತ್ರ ಆಮೇಲೆ ಬಂದು ಸಹಿ ಹಾಕುತ್ತದೆ, ಅಷ್ಟೆ.

ಈ ಸಾಮ್ರಾಜ್ಯವನ್ನು ಅವನು ಆಳುತ್ತಿದ್ದದ್ದು ತಿರುಗುವ ಕುರ್ಚಿಯ ಮೇಲೆ ಕೂತು. ಎಡಗೈಗೆ ಆಸಿಡ್, ಬಲಗೈಗೆ ಯಂತ್ರ, ಅರ್ಧ ಸುತ್ತು ತಿರುಗಿದರೆ ಬಿಸಿನೀರು, ಕಾಲಿನ ಹೆಬ್ಬೆರಳಿಗೆ ಫ್ಯಾನಿನ ಸ್ವಿಚ್ಚು. ಮನೆ ಬಾಗಿಲಿನಿಂದ ಗೇಟಿನವರೆಗೆ ಸ್ಕೂಟರು, ಗೇಟಿನಿಂದ ಕುರ್ಚಿಗೆ ಹನ್ನೊಂದು ಹೆಜ್ಜೆ. ಆ ಹನ್ನೊಂದನ್ನೂ ಒಂಬತ್ತಕ್ಕೆ ಇಳಿಸಲಾಗುತ್ತದೆಯೇ ಎಂದು ಅವನು ಆಗಾಗ ಯೋಚಿಸುತ್ತಿದ್ದ.

“ಕೆಲಸ ಮಾಡೋನು ಅಲೆದಾಡಬಾರದು ಕಣ್ರೀ” ಎಂಬುದು ಅವನ ಸಿದ್ಧಾಂತ. ಹಾಲು ತರುವವರಿಗೆ ಅವನು ಕೊಡುತ್ತಿದ್ದ ಇನ್ನೊಂದು ಸಿದ್ಧಾಂತವೂ ಉಂಟು: “ಮೇವು ಚೆನ್ನಾಗಿ ಹಾಕು. ಜಿಡ್ಡು ತಾನಾಗೇ ಬರುತ್ತೆ.” ತನ್ನ ಮೇವಿನ ವಿಷಯದಲ್ಲೂ ಅವನು ಉದಾರಿ. ಬ್ರೆಡ್ಡಿನ ಮೇಲಿನ ಬೆಣ್ಣೆ ಬ್ರೆಡ್ಡಿನಷ್ಟೇ ದಪ್ಪವಿರಬೇಕು. ಹಾಲಿಗೆ ಮೂರು ಚಮಚ ಸಕ್ಕರೆ, ಮೇಲೆ ಕೆನೆ ತೇಲಬೇಕು.

ಈ ಕೆನೆಯ ಹುಚ್ಚಿಗೆ ಮೂಲ ಅವನ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು, ಅಕ್ಕನಿಗೆ ಹದಿಮೂರು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಅಡುಗೆ ಮಾಡಿದಳು. ಹೊಲಿಗೆ ಕಲಿತು, ಶಾಲೆ ಮಕ್ಕಳ ಸಮವಸ್ತ್ರ ಹೊಲಿದು, ಅವನನ್ನು ಓದಿಸಿದಳು. ಮನೆಗೆ ಬರುತ್ತಿದ್ದ ಅರ್ಧ ಸೇರು ಹಾಲು ಕಾಯಿಸಿ ಆರಿಸಿದ ಮೇಲೆ, ಕಟ್ಟಿದ ಕೆನೆಯನ್ನು ಬೆರಳಲ್ಲಿ ಎತ್ತಿ ತಮ್ಮನ ಬಾಯಿಗೆ ಇಡುತ್ತಿದ್ದಳು. “ನನಗೆ ಕೆನೆ ಕಂಡ್ರೆ ವಾಕರಿಕೆ” ಎನ್ನುತ್ತಿದ್ದಳು. ಅವನು ನಂಬಿದ್ದ. ಮೂವತ್ತನೆಯ ವಯಸ್ಸಿನಲ್ಲಿ, ತನ್ನ ಮದುವೆಯ ಮಾರನೆಯ ಬೆಳಗ್ಗೆ ಅಡುಗೆಮನೆಗೆ ನೀರು ಕುಡಿಯಲು ಹೋದಾಗ, ಅಕ್ಕ ಗೋಡೆಗೆ ಮುಖ ಮಾಡಿ ನಿಂತು ಚಮಚದ ಕೆನೆಯನ್ನು ಕಣ್ಣು ಮುಚ್ಚಿ ಚೀಪುವುದನ್ನು ನೋಡಿದ. ನೀರು ಕುಡಿಯದೆ ಹಿಂದಿರುಗಿದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆ ಅಕ್ಕನಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯವರು ಔಷಧಿಯನ್ನು ಸುತ್ತುಗಳಲ್ಲಿ ಕೊಡುತ್ತಿದ್ದರು. ಪ್ರತಿ ಸುತ್ತಿನ ನಂತರ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಪಾತಾಳಕ್ಕೆ ಇಳಿಯುತ್ತಿದ್ದವು. ಮೂಗಿನಿಂದ ರಕ್ತ, ವಸಡಿನಿಂದ ರಕ್ತ. ತೋಳು ಹಿಡಿದರೆ ಹಿಡಿದಲ್ಲಿ ನೀಲಿ. ಬೇರೆಯವರ ಪ್ಲೇಟ್‌ಲೆಟ್ ಕೊಟ್ಟರೆ ಅವಳ ಮೈ ಅದನ್ನು ಒಂದು ದಿನವೂ ಉಳಿಸಿಕೊಳ್ಳುತ್ತಿರಲಿಲ್ಲ. ಹುಡುಕಿ, ಪರೀಕ್ಷೆ ಮಾಡಿ, ಕೊನೆಗೆ ವೈದ್ಯರು ಹೇಳಿದರು: “ತಮ್ಮಂದು ಹೊಂದುತ್ತೆ. ಅವರೊಬ್ಬರದೇ.”

ಜಿಡ್ಡಣ್ಣ ಆ ವಾರ ಕಾರ್ಖಾನೆಯಲ್ಲಿ ನೆಲದ ಮೇಲೆ ನಡೆಯಲಿಲ್ಲ (ಮೊದಲೂ ಹೆಚ್ಚು ನಡೆಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು). “ನನ್ನ ರಕ್ತ ಎ ಗ್ರೇಡ್ ಕಣ್ರೀ” ಎಂದು ಲಾರಿ ಚಾಲಕರಿಗೂ ಕ್ಯಾನು ತೊಳೆಯುವವರಿಗೂ ಘೋಷಿಸಿದ. ಸಾಕ್ಷಿಯೂ ಇತ್ತು. ಪ್ರತಿ ವರ್ಷ ಕಾರ್ಖಾನೆಯ ವೈದ್ಯಕೀಯ ತಪಾಸಣೆಯಲ್ಲಿ ಅವನ ರಕ್ತದ ಕೊಬ್ಬು ಅಂಕೆಯಲ್ಲೇ ಇರುತ್ತಿತ್ತು. ಆ ವರದಿ ಬರುತ್ತಿದ್ದ ಬಗೆ ಮಾತ್ರ ಹೆಂಡತಿಗೆ ಗೊತ್ತು. ತಪಾಸಣೆಗೆ ಮೂರು ದಿನ ಮುಂಚಿನಿಂದ ಬರೀ ಬೇಯಿಸಿದ ಸೊಪ್ಪು; ಹಿಂದಿನ ಮಧ್ಯಾಹ್ನದಿಂದ ಅದೂ ಇಲ್ಲ. ರಕ್ತ ಕೊಟ್ಟು ಹೊರಬಂದ ಕೂಡಲೆ ಎದುರಿನ ಹೋಟೆಲಿನಲ್ಲಿ ಮೂರು ದಿನದ ಬಾಕಿ ಊಟ. “ವರ್ಷಕ್ಕೆ ಮೂರು ದಿನದ ಸನ್ಯಾಸಿ ನೀವು” ಎನ್ನುತ್ತಿದ್ದಳು ಅವಳು. ತಪಾಸಣೆಯ ದಿನ ಮಾತ್ರ ಒಳ್ಳೆ ಕ್ಯಾನು ತರುವ ಹಾಲಿನವರನ್ನು ಗುಡುಗಿ ಓಡಿಸುವ ಜಿಡ್ಡಣ್ಣನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ರಕ್ತನಿಧಿಯಿಂದ ನರ್ಸಮ್ಮ ಫೋನು ಮಾಡಿದಳು. “ಖಾಲಿ ಹೊಟ್ಟೆಲಿ ಬರಬೇಡಿ ಸಾರ್, ಒಂದೂವರೆ ಗಂಟೆ ಯಂತ್ರದ ಮುಂದೆ ಮಲಗಬೇಕು. ಚೆನ್ನಾಗಿ ತಿಂದ್ಕೊಂಡು ಬನ್ನಿ, ಆದರೆ—”

‘ಆದರೆ’ ಆದ ಮೇಲೆ ಅವಳು ಹೇಳಿದ್ದೇ ಮುಖ್ಯ. ಆದರೆ ‘ಚೆನ್ನಾಗಿ ತಿಂದ್ಕೊಂಡು’ ಎಂಬಲ್ಲಿಗೆ ಜಿಡ್ಡಣ್ಣನ ಕಿವಿ ಮುಚ್ಚಿಹೋಗಿತ್ತು. ಒಳ್ಳೆ ಮೇವು, ಒಳ್ಳೆ ಇಳುವರಿ! ಅಕ್ಕನಿಗೆ ಕೊಡುವುದು ತೆಳುವಾಗಿರಬಹುದೇ? ಮಾರನೆಯ ಬೆಳಗ್ಗೆ ಆರಕ್ಕೆ ಅವನು ಬೆಣ್ಣೆಯಲ್ಲಿ ಹುರಿದ ಐದು ಮೊಟ್ಟೆ, ಎಂಟು ತುಂಡು ಬ್ರೆಡ್ಡು, ಕರಿದ ಆಲೂಗಡ್ಡೆ, ಅದರ ಮೇಲೆ ದೊಡ್ಡ ಲೋಟ ಕೆನೆಹಾಲು ಮುಗಿಸಿದ. ಏಳುವಾಗ ಮೇಜು ಹಿಡಿದುಕೊಂಡು ಎದ್ದ. “ಅಕ್ಕನಿಗೋಸ್ಕರ” ಎಂದ. ಹೆಂಡತಿ, “ಪಾಪ, ಎಷ್ಟು ಕಷ್ಟಪಟ್ರಿ” ಎಂದಳು.

ಒಂಬತ್ತಕ್ಕೆ ರಕ್ತನಿಧಿ. ಪರೀಕ್ಷೆಗೆಂದು ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಅಲ್ಲಿಯ ಸುತ್ತುವ ಯಂತ್ರಕ್ಕೆ ಹಾಕಿದರು. ಯಂತ್ರದ ಸದ್ದು ಕೇಳಿ ಜಿಡ್ಡಣ್ಣ, ನೆಂಟರ ಮನೆಗೆ ಬಂದವನಂತೆ, ಕಾಲು ಚಾಚಿ ಕೂತ. ಯಂತ್ರ ನಿಂತಿತು. ನರ್ಸಮ್ಮ ಕೊಳವೆಯೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದನ್ನೇ ದಿಟ್ಟಿಸಿದಳು. ಅಡಿಯ ಕೆಂಪು ಸ್ಟ್ಯಾಂಡಿನ ಮರೆಗೆ ಸೇರಿತ್ತು. ಮೇಲಿನ ಅರ್ಧ ಬೆಳ್ಳಗೆ. ಇಪ್ಪತ್ತಾರು ವರ್ಷದ ಕಣ್ಣು ಸುಮ್ಮನಿರುತ್ತದೆಯೇ? ಜಿಡ್ಡಣ್ಣ ಎದ್ದು ಹೋಗಿ, ಕನ್ನಡಕ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿದ.

“ಇದ್ಯಾವ ಕಳಪೆ ಹಾಲಮ್ಮ? ಕೆನೆ ತೆಗೆದು ಮೇಲೆ ನೀರೂ ಹಾಕಿದಾರೆ. ಜಿಡ್ಡು ಸೊನ್ನೆ ಪಾಯಿಂಟ್ ಆರು ಇರಬಹುದು. ನಾನಾಗಿದ್ರೆ ಗೇಟಿನ ಒಳಗೇ ಬಿಡ್ತಿರಲಿಲ್ಲ.”

ನರ್ಸಮ್ಮ ಅವನ ಮುಖ ನೋಡಿದಳು. “ಹಾಲಲ್ಲ ಸಾರ್. ಇದು ನಿಮ್ಮ ರಕ್ತ.”

ಅರ್ಧ ಗಂಟೆಯಲ್ಲಿ ವರದಿ ಬಂತು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು: ನೂರು ಮಿಲಿಲೀಟರಿಗೆ ಆರುನೂರ ಹನ್ನೆರಡು ಮಿಲಿಗ್ರಾಂ. ಅಂದರೆ ನೂರಕ್ಕೆ ಸೊನ್ನೆ ಪಾಯಿಂಟ್ ಆರು. ತನ್ನ ಸೋಲಿನಲ್ಲೂ ಮೊದಲನೆಯ ದಶಾಂಶದವರೆಗೆ ಸರಿ ಹೇಳಿದ ವೀರ ಇನ್ನೊಬ್ಬನಿಲ್ಲ. ಆದರೆ ತೀರ್ಪು ತೀರ್ಪೇ: ಇಷ್ಟು ಜಿಡ್ಡಿನ ರಕ್ತದಿಂದ ಪ್ಲೇಟ್‌ಲೆಟ್ ತೆಗೆಯಲಾಗದು. ಹತ್ತಾರು ಸಾವಿರ ಕ್ಯಾನುಗಳನ್ನು ಗೇಟಿನಾಚೆ ಅಟ್ಟಿದ ಮಹಾಪುರುಷನನ್ನು ರಕ್ತನಿಧಿಯವರು ಗೇಟಿನಾಚೆ ಅಟ್ಟಿದರು.

ಅಕ್ಕನಿಗೆ ಆ ದಿನ ಯಾರದೋ ಪ್ಲೇಟ್‌ಲೆಟ್ ಏರಿಸಿದರು. ಅದು ನಿಲ್ಲಲಿಲ್ಲ. ಎರಡು ದಿನ ಮೂಗಿಗೆ ಹತ್ತಿ ತುರುಕಿಕೊಂಡು ಅವಳು ನಾಲ್ಕನೆಯ ಮಹಡಿಯ ಕಿಟಕಿ ಪಕ್ಕದ ಮಂಚದಲ್ಲಿ ಒರಗಿದ್ದಳು. ಜಿಡ್ಡಣ್ಣ ಬಾಗಿಲಲ್ಲೇ ನಿಂತು, “ಯಂತ್ರ ಕೆಟ್ಟಿತ್ತಕ್ಕಾ” ಎಂದ.

“ಸುಳ್ಳು ಹೇಳ್ಬೇಡ, ನರ್ಸು ಎಲ್ಲಾ ಹೇಳಿದ್ಲು” ಎಂದಳು ಅಕ್ಕ ಮೂಗಿನಲ್ಲಿ. “ಬೆರಳಲ್ಲಿ ಎತ್ತಿ ತಿನ್ನಿಸಿದ್ದನ್ನೆಲ್ಲ ಒಟ್ಟು ಹಾಕ್ಕೊಂಡು ನನಗೇ ವಾಪಸ್ ಕೊಡೋಕೆ ಬಂದಿದ್ಯೇನೋ?”

ನಗಲು ಹೋಗಿ ಅವಳ ಹತ್ತಿ ಕೆಂಪಾಯಿತು. ಜಿಡ್ಡಣ್ಣ ನಗಲಿಲ್ಲ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ನೇರವಾಗಿ ರಕ್ತನಿಧಿಯ ವೈದ್ಯೆಯ ಕೋಣೆಗೆ ನುಗ್ಗಿದ.

“ಡಾಕ್ಟ್ರೇ, ಮುಂದಿನ ಸಲ ಕಾರ್ಖಾನೆ ತಪಾಸಣೆಗೆ ಹೋಗೋ ಹಾಗೆ ಹದಿನಾಲ್ಕು ಗಂಟೆ ಉಪವಾಸ ಇದ್ದು ಬರ್ತೀನಿ. ನೀರಿನ ಹಾಗಿರುತ್ತೆ ನೋಡಿ.”

ವೈದ್ಯೆ ಪೆನ್ನು ಕೆಳಗಿಟ್ಟಳು. “ಉಪವಾಸ ಬಂದ್ರೆ ಮಂಚದ ಮೇಲೇ ತಲೆ ಸುತ್ತಿ ಬೀಳ್ತೀರಿ. ಅದಿರಲಿ, ಮನುಷ್ಯ ದಿನದಲ್ಲಿ ಎಷ್ಟು ಹೊತ್ತು ಉಪವಾಸ ಇರ್ತಾನೆ? ಬೆಳಗ್ಗೆ ತಿಂದದ್ದು ಕರಗೋ ಮುಂಚೆ ಮಧ್ಯಾಹ್ನದ್ದು, ಅದು ಕರಗೋ ಮುಂಚೆ ರಾತ್ರಿದು. ಒಂದೊಂದು ಊಟದ ಕೊಬ್ಬೂ ಆರೇಳು ಗಂಟೆ ರಕ್ತದಲ್ಲಿ ಓಡಾಡುತ್ತೆ. ನಿಮ್ಮ ಕಾರ್ಖಾನೆ ವರದಿ ಖಾಲಿ ಹೊಟ್ಟೇದು. ನಿಮ್ಮ ಜೀವನ ಊಟ ಆದ ಮೇಲಿಂದು.”

“ಹಂಗಾದ್ರೆ ಆ ಕೊಬ್ಬನ್ನ ಎತ್ತಿ ಹಾಕೋರು ಯಾರು?”

“ಸ್ನಾಯುಗಳು. ಅವು ಕೆಲಸ ಮಾಡಿದ್ರೆ ಕೊಬ್ಬನ್ನ ಒಳಗೆ ಎಳ್ಕೊಳ್ತವೆ. ಸಂಜೆ ಒಂದು ಗಂಟೆ ಬಿರುಸಾಗಿ ನಡೆದ್ರೆ ಮಾರನೇ ಬೆಳಗ್ಗೆ ತಿಂದದ್ದು ಬೇಗ ತಿಳಿಯಾಗುತ್ತೆ. ಬೆಣ್ಣೆ, ಕರಿದದ್ದು ಕಮ್ಮಿ ಮಾಡಿ. ಸಕ್ಕರೇನೂ ಬಿಡಿ, ಹೆಚ್ಚಾದದ್ದನ್ನ ಲಿವರ್ರು ಕೊಬ್ಬು ಮಾಡಿ ರಕ್ತಕ್ಕೆ ಕಳಿಸುತ್ತೆ. ಎಲ್ಲರಿಗೂ ಇಷ್ಟರಲ್ಲೇ ಸರಿಹೋಗುತ್ತೆ ಅಂತ ಹೇಳಲ್ಲ. ನಿಮ್ಮದು ಹೋಗಬಹುದು. ತಿಂದ ಮೇಲೂ ನೂರ ಎಪ್ಪತ್ತೈದರ ಒಳಗೆ ಬರಬೇಕು. ಮುಂದಿನ ಸುತ್ತಿನ ಔಷಧಿ ಆದ ಮೇಲೆ ಅಕ್ಕನಿಗೆ ಬೇಕಾಗೋದು ಇನ್ನು ಇಪ್ಪತ್ತೆರಡು ದಿನಕ್ಕೆ.”

ಇಪ್ಪತ್ತೆರಡು ದಿನ! ಇದಕ್ಕಿಂತ ಕಡಿಮೆ ಅವಧಿಯಲ್ಲಿ ರಾಜ್ಯಗಳು ಉರುಳಿವೆ. ಮೊದಲು ಉರುಳಿದ್ದು ಕುರ್ಚಿ. ಜಿಡ್ಡಣ್ಣ ಅದನ್ನು ಉಗ್ರಾಣಕ್ಕೆ ಗಡೀಪಾರು ಮಾಡಿ, ಆಸಿಡ್ಡನ್ನು ಕೋಣೆಯ ಈ ತುದಿಗೂ ಯಂತ್ರವನ್ನು ಆ ತುದಿಗೂ ಬಿಸಿನೀರನ್ನು ಪಕ್ಕದ ಕೋಣೆಗೂ ಹಂಚಿದ. ಒಂದು ಕೊಳವೆಯ ತೀರ್ಪಿಗೆ ನಲವತ್ತು ಹೆಜ್ಜೆ; ದಿನಕ್ಕೆ ನೂರಿಪ್ಪತ್ತು ಕೊಳವೆ. ಸ್ಕೂಟರಿಗೆ ಹೊದಿಕೆ ಹಾಕಲಾಯಿತು. ಕ್ಯಾನು ತೊಳೆಯುವವನೊಬ್ಬ ಮೊದಲ ದಿನ ಅವನು ಗೇಟಿಗೆ ನಡೆದು ಬರುವುದನ್ನು ಕಂಡು, “ಏನ್ ಜಿಡ್ಡಣ್ಣ, ಗಾಡಿ ಮಾರಿಬಿಟ್ರಾ?” ಎಂದು ಮರುಕದಿಂದ ಕೇಳಿದ.

ಸಂಜೆಯ ದಂಡಯಾತ್ರೆಗೆ ಹೆಂಡತಿಯೇ ಸೇನಾಪತಿ. ಕಾರ್ಖಾನೆಯ ಕಾಂಪೌಂಡಿಗೆ ಎರಡು ಸುತ್ತು ಹಾಕಿದರೆ ಒಂದು ಗಂಟೆ. ಮೊದಲ ದಿನ ಅರ್ಧ ಸುತ್ತಿಗೆ ನಮ್ಮ ವೀರ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿದ.

“ಏನಾಯ್ತು?”

“ಗೋಡೆ ಎಷ್ಟು ಗಟ್ಟಿ ಇದೆ ಅಂತ ನೋಡ್ತಿದೀನಿ.”

“ಗಟ್ಟಿ ಇದೆ. ನೀವು ಒರಗಿದ್ರೂ ಬೀಳ್ಲಿಲ್ವಲ್ಲ. ನಡೀರಿ.”

ಊಟದ ತಟ್ಟೆಯಲ್ಲಿ ಸೊಪ್ಪು, ಬೇಳೆ, ಮೀನು, ಗಟ್ಟಿ ಕಂದು ಬ್ರೆಡ್ಡು ಬಂದವು. ಬೆಣ್ಣೆ ಡಬ್ಬಿ ಕಪಾಟಿನ ಮೇಲಿನ ಅರೆಗೆ ಹೋಯಿತು. ಮೊದಲ ವಾರ ಅದು ಅಲ್ಲಿಂದ ಕರೆಯುತ್ತಿದ್ದದ್ದು ತನಗೆ ಕೇಳಿಸುತ್ತಿತ್ತು ಎಂದು ಜಿಡ್ಡಣ್ಣ ಇಂದಿಗೂ ಪ್ರಮಾಣ ಮಾಡುತ್ತಾನೆ.

ಆದರೆ ನಂಬಿಕೆಯ ಮೇಲೆ ಬದುಕುವ ಮನುಷ್ಯನಲ್ಲ ಅವನು. ಅಳೆಯಬೇಕು. ಪ್ರತಿ ಸಲ ಅದೇ ತಿಂಡಿ, ಅಷ್ಟೇ ತೂಕ, ಅದೇ ಹೊತ್ತಿಗೆ. ಸರಿಯಾಗಿ ಮೂರು ಗಂಟೆಯ ನಂತರ ರಕ್ತನಿಧಿಗೆ ನಡೆದು ಹೋಗಿ ತೋಳು ಚಾಚುತ್ತಿದ್ದ. ಐದನೆಯ ದಿನ ಮುನ್ನೂರ ನಲವತ್ತು. ಹತ್ತನೆಯ ದಿನ ಇನ್ನೂರ ಮೂವತ್ತು. ನರ್ಸಮ್ಮ ಚಪ್ಪಾಳೆ ತಟ್ಟಿದಳು. ಜಿಡ್ಡಣ್ಣ ಗೆದ್ದ ರಾಜನಂತೆ ಮೆಟ್ಟಿಲಿಳಿದ.

ಗೆದ್ದ ರಾಜರು ಮಾಡುವ ತಪ್ಪನ್ನೇ ಅವನೂ ಮಾಡಿದ. ಹದಿಮೂರನೆಯ ದಿನ ಅವನಿಗೊಂದು ಯೋಚನೆ ಹೊಳೆಯಿತು. ದೂರದ ಪಯಣಕ್ಕೆ ಮುಂಚೆ ಹಸುವನ್ನು ಎರಡು ದಿನ ಕಟ್ಟಿಹಾಕಿ ನೆರಳಲ್ಲಿ ಇಟ್ಟರೆ ಹಾಲು ಕಡಿಮೆಯಾಗುವುದಿಲ್ಲ ಎಂದು ಅವನೇ ಜನರಿಗೆ ಹೇಳುತ್ತಿದ್ದ. ಹಾಗಾದರೆ ತಾನೂ ಶಕ್ತಿ ಕೂಡಿಡಬಾರದೇಕೆ? ಉಗ್ರಾಣದಿಂದ ಕುರ್ಚಿ ಮರಳಿ ಬಂತು. ಮೂರು ದಿನ ಕೂತ, ಕೂತ, ಕೂತೇ ಇದ್ದ. ಊಟದಲ್ಲಿ ಮಾತ್ರ ಒಂದಿಷ್ಟೂ ತಪ್ಪಲಿಲ್ಲ. ಹದಿನಾರನೆಯ ದಿನದ ವರದಿ: ಮುನ್ನೂರ ಎಪ್ಪತ್ತು.

“ತಟ್ಟೆಗೆ ಬೆಣ್ಣೆ ಮುಟ್ಟಿಸಿಲ್ಲ ಡಾಕ್ಟ್ರೇ!” ಅವನ ದನಿ ಬಿರಿಯಿತು. “ಹನ್ನೆರಡು ದಿನ ನಡೆದಿದೀನಿ! ಅದೆಲ್ಲ ಎಲ್ಲಿ ಹೋಯ್ತು?”

“ನಡಿಗೆ ಕೂಡಿಡೋಕೆ ಬರಲ್ಲ” ಎಂದಳು ವೈದ್ಯೆ. “ನಿಮ್ಮ ಹಾಲಿನ ಹಾಗೇ, ಒಂದು ದಿನ, ಹೆಚ್ಚಂದ್ರೆ ಎರಡು ದಿನ ತಾಳುತ್ತೆ. ನೆನ್ನೆ ನಡೆದದ್ದು ಇವತ್ತಿನ ತಿಂಡಿಗೆ. ಆಮೇಲೆ ಹೊಸದು ಬೇಕು.”

ಹಳಸುವ ವಸ್ತುವಿನ ಮಾತು ಜಿಡ್ಡಣ್ಣನಿಗೆ ಬಿಡಿಸಿ ಹೇಳಬೇಕಿಲ್ಲ. ಆ ಮಧ್ಯಾಹ್ನವೇ ಕುರ್ಚಿಯನ್ನು ಉಗ್ರಾಣದವನಿಗೆ ದಾನವಾಗಿ ಬರೆದುಕೊಟ್ಟ.

ಹದಿನೆಂಟನೆಯ ದಿನ ಕಾರ್ಖಾನೆಯಲ್ಲಿ ಸಂಭ್ರಮ. ಹೊಸ ಐಸ್‌ಕ್ರೀಮು ಹೊರಬಂದಿತ್ತು. ಮಾರಾಟಕ್ಕೆ ಹೋಗುವ ಮುಂಚೆ ಮೊದಲ ಚಮಚ ಪರೀಕ್ಷಕನದು ಎಂಬುದು ಅಲ್ಲಿ ಇಪ್ಪತ್ತಾರು ವರ್ಷದ ಪದ್ಧತಿ. ಚಮಚ ಎಂದರೆ ಬಟ್ಟಲು, ಬಟ್ಟಲೆಂದರೆ ಎರಡು. ಎಲ್ಲರೂ ಸುತ್ತ ನಿಂತಿದ್ದರು. ಮ್ಯಾನೇಜರು ಬಟ್ಟಲು ಹಿಡಿದು ಮುಂದೆ ಬಂದ. ಅಷ್ಟರಲ್ಲಿ ಜಿಡ್ಡಣ್ಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

“ಸಾರ್” ಎಂದಳು ನರ್ಸಮ್ಮ, “ಅಕ್ಕನ ಪ್ಲೇಟ್‌ಲೆಟ್ ಅಂದ್ಕೊಂಡದ್ದಕ್ಕಿಂತ ಬೇಗ ಇಳಿದಿದೆ. ಒಂದೂವರೆ ಲಕ್ಷ ಇರಬೇಕಾದದ್ದು ಒಂಬತ್ತು ಸಾವಿರ. ನಾಳೆ ಬೆಳಗ್ಗೆ ಒಂಬತ್ತಕ್ಕೆ ಬರ್ತೀರಾ?”

ಮೂರು ದಿನ ಮುಂಚೆ! ಜಿಡ್ಡಣ್ಣ ಫೋನು ಜೇಬಿಗಿಟ್ಟು ಬಟ್ಟಲನ್ನು ನೋಡಿದ. ಬಟ್ಟಲು ಅವನನ್ನು ನೋಡಿತು. ಅದರ ಅಂಚಿನಲ್ಲಿ ಕರಗಿದ ಒಂದು ಹನಿ ಇಳಿಯತೊಡಗಿತ್ತು. ಆ ಹನಿ ಇಳಿಯುವ ಗತಿಯಲ್ಲೇ ಜಿಡ್ಡು ಹನ್ನೆರಡಕ್ಕೆ ಕಡಿಮೆಯಿಲ್ಲ ಎಂದು ಅವನಿಗೆ ಗೊತ್ತಾಯಿತು.

“ಸರ್, ಬೇಡ.”

“ಏನು?” ಮ್ಯಾನೇಜರಿಗೆ ಅರ್ಥವಾಗಲಿಲ್ಲ.

“ನಾನು ತಿನ್ನಲ್ಲ. ಹನ್ನೆರಡು ಇದೆ, ಚೆನ್ನಾಗಿದೆ, ಕಳಿಸಿ. ನಾನು ನಡೆಯೋಕೆ ಹೋಗಬೇಕು.”

ಹಿಂದೆ ಯಾರೋ, “ಜಿಡ್ಡಣ್ಣಂಗೆ ಹುಷಾರಿಲ್ವೇನೋ, ಕುರ್ಚಿ ತನ್ರೋ” ಎಂದರು. ಕುರ್ಚಿ ಬರುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಆ ಸಂಜೆ ಆಕಾಶಕ್ಕೂ ಅವನ ಮೇಲೆ ಹಠ. ಮಳೆ ಸುರಿಯಿತು. ಹೆಂಡತಿ ಒಂದು ಕೊಡೆ ಹಿಡಿದು, ಇನ್ನೊಂದನ್ನು ಅವನ ಕೈಗಿತ್ತಳು. ಕಾಂಪೌಂಡಿನ ಗೋಡೆ ಪಕ್ಕ ನೀರು ಪಾದ ಮುಳುಗುವಷ್ಟು. ಎರಡನೆಯ ಸುತ್ತಿನಲ್ಲಿ ಅವನ ಕೊಡೆ ತಿರುಗಿ ಹೂವಿನಂತೆ ಅರಳಿಕೊಂಡಿತು. ಅದನ್ನು ಎಸೆದು ನಡೆದ.

“ಒಂದು ಗಂಟೆ ಆಯ್ತು ಕಣ್ರೀ, ಸಾಕು” ಎಂದಳು ಹೆಂಡತಿ, ಹಲ್ಲು ಕಟಕಟಿಸುತ್ತ. ಜೀವನದಲ್ಲಿ ಮೊದಲ ಬಾರಿಗೆ ಅವಳು ‘ಸಾಕು’ ಎಂದಿದ್ದಳು.

“ಇನ್ನು ಕಾಲು ಸುತ್ತು” ಎಂದ ಜಿಡ್ಡಣ್ಣ. ಜೀವನದಲ್ಲಿ ಮೊದಲ ಬಾರಿಗೆ ಅವನು ಇನ್ನೂ ಎಂದದ್ದು ಊಟದ ವಿಷಯಕ್ಕಲ್ಲ.

ಬೆಳಗ್ಗೆ ಆರಕ್ಕೆ ತಿಂಡಿ: ಕಂದು ಬ್ರೆಡ್ಡು, ಬೇಯಿಸಿದ ಬೇಳೆ, ಸೊಪ್ಪು, ಒಂದು ಹಣ್ಣು, ಸಕ್ಕರೆಯಿಲ್ಲದ ಚಹಾ. ಒಂಬತ್ತಕ್ಕೆ ರಕ್ತನಿಧಿ. ಯಂತ್ರ ಸುತ್ತತೊಡಗಿದಾಗ ಅವನಿಗೆ ಕೂರಲಾಗಲಿಲ್ಲ. ಅದರ ಸದ್ದು ಇಳಿಯುತ್ತ ಬಂದಂತೆ ಗೋಡೆಯ ಕಡೆ ತಿರುಗಿ ನಿಂತ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

“ಸಾರ್, ನೀವೇ ನೋಡಿ ಹೇಳಿ” ಎಂದಳು ನರ್ಸಮ್ಮ.

“ನನ್ನ ಕೈಲಾಗಲ್ಲ ತಾಯಿ. ನೀನೇ ಹೇಳು.”

ಅವಳು ಕೊಳವೆಯನ್ನು ಬೆಳಕಿಗೆ ಎತ್ತಿ ಹಿಡಿದಳು. ಆಮೇಲೆ ಅವಳು, “ಚಹಾ ಬಣ್ಣಕ್ಕಿಂತ ತಿಳಿ. ಆಚೆ ಗೋಡೆ ಮೇಲಿನ ಕ್ಯಾಲೆಂಡರಿನ ತಾರೀಕು ಓದಬಹುದು ಇದರಲ್ಲಿ” ಎಂದಳು. ವರದಿ ಬಂತು: ನೂರ ಐವತ್ತೆಂಟು. ವೈದ್ಯೆ ಎದ್ದು ಬಂದು ಕೈ ಕುಲುಕಿದಳು. ಆ ಕೈ ಕುಲುಕುವಿಕೆಯಲ್ಲಿ ಕಹಳೆ ಊದಲಿಲ್ಲ, ಆನೆ ಘೀಳಿಡಲಿಲ್ಲ. ಎರಡೂ ಆಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಒಂದೂವರೆ ಗಂಟೆ ಅವನು ಮಂಚದ ಮೇಲೆ ತೋಳು ಚಾಚಿ ಮಲಗಿದ್ದ. ರಕ್ತ ಒಂದು ನಳಿಕೆಯಲ್ಲಿ ಹೋಗಿ, ಬೇಕಾದದ್ದನ್ನು ಬಿಟ್ಟುಕೊಟ್ಟು, ಇನ್ನೊಂದರಲ್ಲಿ ಮರಳಿ ಬರುತ್ತಿತ್ತು. ತಲೆಯ ಮೇಲಿನ ಚೀಲ ನಿಧಾನವಾಗಿ ತುಂಬಿತು. ಅದು ತಿಳಿ ಹಳದಿ, ಬೆಳಕಿಗೆ ಹಿಡಿದರೆ ಒಳಗೆ ಮಿಂಚು ಸುಳಿದ ಹಾಗೆ. ನರ್ಸಮ್ಮ ಅದಕ್ಕೆ ಚೀಟಿ ಅಂಟಿಸಿ ನಾಲ್ಕನೆಯ ಮಹಡಿಗೆ ಒಯ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಹನಿಹನಿಯಾಗಿ ಅಕ್ಕನೊಳಗೆ ಇಳಿದಿತ್ತು.

ಅಂಕಿ ಒಂದು ಗಂಟೆಯ ನಂತರ ನಲವತ್ತೊಂದು ಸಾವಿರ. ಅದಕ್ಕೆ ಯಾರೂ ಕುಣಿಯಲಿಲ್ಲ. ಮೊದಲೂ ಹೀಗೆ ಏರಿ ಬೆಳಗಾಗುವಷ್ಟರಲ್ಲಿ ಕರಗಿಹೋಗಿತ್ತು. ಮಾರನೆಯ ಬೆಳಗ್ಗೆ ಜಿಡ್ಡಣ್ಣ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಬರುವಾಗ ವಾರ್ಡಿನ ವೈದ್ಯರು ಅಕ್ಕನ ಕಾಗದ ನೋಡುತ್ತ ನಿಂತಿದ್ದರು. “ಮೂವತ್ತೆಂಟು ಸಾವಿರ” ಎಂದರು. “ನಿಂತಿದೆ.”

ಅಕ್ಕನ ಮೂಗಿನಲ್ಲಿ ಹತ್ತಿ ಇರಲಿಲ್ಲ. ಅವಳು ತಲೆದಿಂಬಿಗೆ ಒರಗಿ, ಕನ್ನಡಿ ಹಿಡಿದು, ತನ್ನ ಹಲ್ಲುಗಳನ್ನು ಪರೀಕ್ಷಿಸುತ್ತಿದ್ದಳು. ಜಿಡ್ಡಣ್ಣ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡ. ಹಿಡಿದ ಜಾಗದಲ್ಲಿ ನೀಲಿಯೇಳಲಿಲ್ಲ.

“ತೆಳ್ಳಗಾಗಿದೀಯಲ್ಲೋ” ಎಂದಳು ಅಕ್ಕ.

“ಮೂರು ಕೆಜಿ.”

“ಡಾಕ್ಟ್ರು ಮತ್ತೆ ಯಾವಾಗ ಕೊಡ್ಬೇಕು ಅಂದ್ರು?”

“ಮೂರು ವಾರಕ್ಕೆ. ಇನ್ನೂ ಮೂರು ಸುತ್ತು ಇದೆಯಂತಲ್ಲ. ಮೂರಕ್ಕೂ ನಾನೇ.”

ಅಕ್ಕ ಕನ್ನಡಿಯನ್ನು ಬದಿಗಿಟ್ಟು ತಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ತನ್ನ ಕೈ ಬಿಡಿಸಿಕೊಂಡು ಬಾಗಿಲ ಕಡೆ ಬೆರಳು ತೋರಿಸಿದಳು.

“ಮತ್ತೆ ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದೀಯಾ? ಎದ್ದು ನಡಿ!”